ಮಹಾರಾಜರ ಸೀಮೆಯಲ್ಲಿ ಸ್ವಾತಂತ್ರ್ಯ ಹೋರಾಟ ಯಾರ ವಿರುದ್ಧ?

ಪ್ರಶ್ನೆ: ಅಮೆರಿಕದ ವಸಾಹತುಗಳವರು ಬ್ರಿಟಿಷ್ ಸಾಮ್ರಾಜ್ಯದ ವಿರುದ್ಧ ತಿರುಗಿಬಿದ್ದರೆಂದು ಮಗಳ ಪಠ್ಯಪುಸ್ತಕದಲ್ಲಿ ಓದಿದೆ. ಅವರನ್ನು ಆಳುತ್ತಿದ್ದವರು ಬ್ರಿಟಿಷರೇ, ಸರಿ. ಆದರೆ ನಮ್ಮ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡಗಳೆಲ್ಲ ಮೈಸೂರು ಮಹಾರಾಜರ ಆಳ್ವಿಕೆಯಲ್ಲಿದ್ದವು. ಅದು ಒಳ್ಳೆಯ ಆಳ್ವಿಕೆ ಎಂದೇ ಹಿರಿಯರು ಹೇಳುತ್ತಾರೆ. ಹಾಗಿದ್ದರೆ ನಮ್ಮ ಕಡೆಯವರು ಯಾರ ವಿರುದ್ಧ, ಏಕೆ ಹೋರಾಡಿದರು? ಆಗಸ್ಟ್ 15 ಕಳೆದ ಮೇಲೂ ಇಲ್ಲಿ ಚಳವಳಿ ನಡೆಯಿತಂತೆ, ನಿಜವೇ?
— ಓದುಗರೊಬ್ಬರು, ಶಿರಾ

ಉತ್ತರ: ಈ ಸಂದೇಹ ನಿಮಗೊಬ್ಬರಿಗೇ ಬಂದದ್ದಲ್ಲ. ಹಳೆ ಮೈಸೂರಿನ ಎಷ್ಟೋ ಜನರಿಗೆ ಇದು ಬರುವುದು ಸಹಜ, ಏಕೆಂದರೆ ಶಾಲೆಯಲ್ಲಿ ಕಲಿಯುವ ಸ್ವಾತಂತ್ರ್ಯ ಹೋರಾಟದ ಕಥೆಯಲ್ಲಿ ಸಂಸ್ಥಾನಗಳ ಪಾಲು ಒಂದೆರಡು ಸಾಲಿಗೆ ಮುಗಿದುಹೋಗುತ್ತದೆ.

ಮೊದಲು ಅಮೆರಿಕದ ವಿಚಾರ ನೋಡೋಣ. ಅಲ್ಲಿಯ 13 ವಸಾಹತುಗಳವರು ತೆರಿಗೆಯ ಭಾರ ತಾಳಲಾರದೆ ದಂಗೆ ಎದ್ದರೆಂದು ಹಲವರು ತಿಳಿದಿದ್ದಾರೆ. ನಿಜವಾಗಿ ಇಂಗ್ಲೆಂಡಿನಲ್ಲಿದ್ದವರು ಕೊಡುತ್ತಿದ್ದ ತೆರಿಗೆಗಿಂತ ಅವರು ಕೊಡುತ್ತಿದ್ದದ್ದು ಕಡಿಮೆಯೇ. 1765ರಲ್ಲಿ ಪತ್ರಿಕೆ, ಕೋರ್ಟು ಕಾಗದ, ಇಸ್ಪೀಟಿನ ಎಲೆಗಳ ಮೇಲೂ ಸ್ಟಾಂಪು ತೆರಿಗೆ ಬಿದ್ದಾಗ ಅವರು ಕೇಳಿದ್ದು ಇಷ್ಟೆ: ನಮ್ಮವನೊಬ್ಬನೂ ಇಲ್ಲದ ಲಂಡನ್ನಿನ ಪಾರ್ಲಿಮೆಂಟಿಗೆ ನಮ್ಮ ಮೇಲೆ ತೆರಿಗೆ ಹಾಕುವ ಹಕ್ಕು ಎಲ್ಲಿಂದ ಬಂತು? ತಮ್ಮನ್ನು ಆಳುವವರು ತಮಗೆ ಲೆಕ್ಕ ಕೊಡಬೇಕು ಎಂಬುದು ಅವರ ಹಟ. ಈ ಮಾತನ್ನು ನೆನಪಿನಲ್ಲಿಡಿ, ಮೈಸೂರಿನಲ್ಲೂ ನಡೆದದ್ದು ಇದೇ ಹೋರಾಟ. ಎರಡು ಕಡೆಗೂ ಸೇರಿದ ಒಬ್ಬ ಮನುಷ್ಯನೂ ಇದ್ದಾನೆ. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಅಮೆರಿಕನ್ನರಿಗೆ ಶರಣಾದ ಸೇನಾಪತಿ ಕಾರ್ನ್‌ವಾಲಿಸನೇ ಮುಂದೆ ಭಾರತಕ್ಕೆ ಗವರ್ನರ್ ಜನರಲ್ ಆಗಿ ಬಂದು, 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನಿಂದ ಅರ್ಧ ರಾಜ್ಯ ಬರೆಸಿಕೊಂಡ.

ಇನ್ನು ನಮ್ಮ ಕಡೆಗೆ ಬರೋಣ. ಸಾಮ್ರಾಜ್ಯಗಳು ಶಿರಾಕ್ಕೆ ಹೊಸತಲ್ಲ. 1687ರಿಂದ ಅದು ಮೊಗಲರ ಸುಬಾದ ರಾಜಧಾನಿ, 1761ರಲ್ಲಿ ಹೈದರಾಲಿಯ ಕೈಸೇರಿದ ಊರು. 1799ರಲ್ಲಿ ಟಿಪ್ಪು ಮಡಿದ ಮೇಲೆ ಒಡೆಯರ ವಂಶಕ್ಕೆ ಪಟ್ಟವಾಯಿತು. ಆದರೆ ಪಟ್ಟದ ಜೊತೆಗೆ ಷರತ್ತುಗಳೂ ಬಂದವು: ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದ ಖರ್ಚಿಗೆಂದು ವರ್ಷಕ್ಕೆ 7 ಲಕ್ಷ ವರಹ ಕಪ್ಪ ಕೊಡಬೇಕು. 1831ರಲ್ಲಿ ನಗರ ಸೀಮೆಯ ದಂಗೆಯನ್ನು ನೆಪ ಮಾಡಿಕೊಂಡು ಬ್ರಿಟಿಷರು ಆಡಳಿತವನ್ನೇ ತೆಗೆದುಕೊಂಡರು. ಐವತ್ತು ವರ್ಷ ಕಮಿಷನರುಗಳೇ ಆಳಿದರು. 1881ರಲ್ಲಿ ರಾಜ್ಯವನ್ನು ಹಿಂತಿರುಗಿಸಿದಾಗ ಬರೆದುಕೊಟ್ಟ ಪತ್ರವನ್ನು ಓದಿದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಮೈಸೂರು ತನ್ನ ನಾಣ್ಯ ಟಂಕಿಸುವಂತಿಲ್ಲ. ಗವರ್ನರ್ ಜನರಲ್ ಅಪ್ಪಣೆಯಿಲ್ಲದೆ ಹೊಸ ಕೋಟೆ ಕಟ್ಟುವಂತಿಲ್ಲ, ಇರುವ ಕೋಟೆಯ ರಕ್ಷಣಾಗೋಡೆ ದುರಸ್ತಿ ಮಾಡುವಂತಿಲ್ಲ. ಮಧುಗಿರಿ ಬೆಟ್ಟ ಹತ್ತಿದ್ದರೆ ನೀವು ಆ ಕೋಟೆಯ ಸುತ್ತುಗಳನ್ನು ಕಂಡಿರುತ್ತೀರಿ. ಅದನ್ನು ಮತ್ತೆ ಭದ್ರಪಡಿಸಬೇಕೆಂದರೆ ಮಹಾರಾಜರೂ ಬ್ರಿಟಿಷರ ಒಪ್ಪಿಗೆ ಕೇಳಬೇಕಿತ್ತು.

ಹಿರಿಯರು ಹೇಳುವ ‘ಒಳ್ಳೆಯ ಆಳ್ವಿಕೆ’ ಸುಳ್ಳಲ್ಲ. ವಿದ್ಯುತ್ತು, ಅಣೆಕಟ್ಟು, ಕಾರ್ಖಾನೆ, ಶಾಲೆಗಳಲ್ಲಿ ಮೈಸೂರು ಬಹಳ ಮುಂದಿತ್ತು. 1881ರಲ್ಲೇ ದಿವಾನ್ ರಂಗಾಚಾರ್ಲು 144 ಜನರ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದ್ದರು. ದಸರೆಯ ಹೊತ್ತಿಗೆ ಸದಸ್ಯರು ಮೈಸೂರಿಗೆ ಹೋಗಿ ಕೆರೆ ಏರಿ, ರಸ್ತೆ, ಕಂದಾಯದ ಅಹವಾಲು ಹೇಳಿಕೊಳ್ಳಬಹುದಿತ್ತು. ಸಭೆಯ ಅಧಿಕಾರ ಕ್ರಮೇಣ ಹೆಚ್ಚಿತು, ಆದರೂ ದಿವಾನರನ್ನು ನೇಮಿಸುವುದಾಗಲಿ ಇಳಿಸುವುದಾಗಲಿ ಅದರ ಕೈಯಲ್ಲಿರಲಿಲ್ಲ. ಒಳ್ಳೆಯ ದಿವಾನರು ಬಂದರೆ ಪುಣ್ಯ, ಬಾರದಿದ್ದರೆ ಕೇಳುವವರಿಲ್ಲ.

ಈ ಕೊರತೆ ಎಲ್ಲರಿಗಿಂತ ಚೆನ್ನಾಗಿ ಕಣ್ಣಿಗೆ ಬೀಳುತ್ತಿದ್ದದ್ದು ನಿಮ್ಮ ಗಡಿಸೀಮೆಯವರಿಗೇ ಎಂದು ನನ್ನ ಅಭಿಪ್ರಾಯ. ನಕಾಶೆ ತೆಗೆದು ನೋಡಿ: ಪಾವಗಡದ ಸುತ್ತ ಬಹುಪಾಲು ಆಗ ಅನಂತಪುರ ಜಿಲ್ಲೆಯಿತ್ತು, ಅಂದರೆ ಮದ್ರಾಸ್ ಪ್ರಾಂತ. 1937ರ ಚುನಾವಣೆಯ ನಂತರ ಅಲ್ಲಿ ರಾಜಾಜಿಯವರ ಕಾಂಗ್ರೆಸ್ ಮಂತ್ರಿಮಂಡಲ ಬಂತು. ಮಡಕಶಿರಾ, ಹಿಂದೂಪುರಗಳಿಗೆ ಬ್ರಿಟಿಷ್ ಗವರ್ನರರ ಕೆಳಗೆ ಚುನಾಯಿತ ಮಂತ್ರಿಗಳು ದೊರೆತರು. ನಮ್ಮವರೇ ಆಳುತ್ತಿದ್ದ ಪಾವಗಡಕ್ಕೆ ದೊರೆಯಲಿಲ್ಲ. ಎರಡೂ ಕಡೆ ನೆಂಟಸ್ತನ, ಸಂತೆ, ವ್ಯಾಪಾರ ಇದ್ದ ಜನಕ್ಕೆ ಈ ವ್ಯತ್ಯಾಸವನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಮರುವರ್ಷ, 1938ರ ಏಪ್ರಿಲಿನಲ್ಲಿ, ಮದ್ದೂರಿನ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನವರು ಸರ್ಕಾರದ ನಿಷೇಧ ಮುರಿದು ಕಾಂಗ್ರೆಸ್ ಧ್ವಜ ಏರಿಸಿದರು. ಅದೇ ತಿಂಗಳ 25ರಂದು ಮಧುಗಿರಿಯ ನೆರೆಯ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ, ಉತ್ತರ ಪಿನಾಕಿನಿಯ ಬದಿಯಲ್ಲಿ ಜನ ಧ್ವಜಕ್ಕಾಗಿ ಸೇರಿದರು. ಪೊಲೀಸರು ಗುಂಡು ಹಾರಿಸಿದರು. ಜನರ ಲೆಕ್ಕದಲ್ಲಿ 32 ಮಂದಿ ಸತ್ತರು, ಸರ್ಕಾರ ಒಪ್ಪಿಕೊಂಡದ್ದು ಕಡಿಮೆ. ಗುಂಡು ಹಾರಿಸಿದ್ದು ಮೈಸೂರು ಸರ್ಕಾರದ ಪೊಲೀಸರು ಎಂಬುದನ್ನು ಮರೆಯಬಾರದು. ಆ ಮೇಲೆ ಕಾಂಗ್ರೆಸ್ ನಾಯಕರಾದ ಸರ್ದಾರ್ ಪಟೇಲರೂ ಕೃಪಲಾನಿಯವರೂ ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಮಾತನಾಡಿದರು. ಮೈಸೂರಿನ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಲು ಒಪ್ಪಿಗೆಯಾಯಿತು.

ಇಲ್ಲೊಂದು ಗೊಂದಲವನ್ನು ಪರಿಹರಿಸಿಬಿಡುತ್ತೇನೆ. ಈ ಹೋರಾಟ ಮಹಾರಾಜರನ್ನು ಓಡಿಸಲು ನಡೆದದ್ದಲ್ಲ. ಮಹಾರಾಜರು ಸಿಂಹಾಸನದಲ್ಲೇ ಇರಲಿ, ಆದರೆ ಮಂತ್ರಿಗಳು ಜನರಿಂದ ಆರಿಸಿಬಂದವರಾಗಿರಲಿ ಎಂಬುದು ಮೈಸೂರು ಕಾಂಗ್ರೆಸ್ಸಿನ ಬೇಡಿಕೆ. ಅದನ್ನು ‘ಜವಾಬ್ದಾರಿ ಸರ್ಕಾರ’ ಎನ್ನುತ್ತಿದ್ದರು. ಮನೆಯಲ್ಲಿ ಮಹಾರಾಜರ ಪಟವಿಟ್ಟುಕೊಂಡವರೂ ಆ ಬೇಡಿಕೆಗಾಗಿ ಜೈಲಿಗೆ ಹೋಗಲು ಅಡ್ಡಿಯೇನಿರಲಿಲ್ಲ.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರವೂ ಇದರಲ್ಲೇ ಇದೆ. ಹೌದು, ನಿಜ. ಜಯಚಾಮರಾಜ ಒಡೆಯರು 1947ರ ಆಗಸ್ಟ್ 9ರಂದೇ ಭಾರತಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದ್ದರು. ಆದರೆ ರಾಜ್ಯದೊಳಗೆ ಅಧಿಕಾರ ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರ ಬಳಿಯೇ ಉಳಿಯಿತು. ಆಗಸ್ಟ್ 15ರಂದು ಬ್ರಿಟಿಷರು ಹೋದರು, ಜವಾಬ್ದಾರಿ ಸರ್ಕಾರ ಮಾತ್ರ ಬರಲಿಲ್ಲ. ಅದಕ್ಕೇ ಸೆಪ್ಟೆಂಬರ್ 1ರಿಂದ ‘ಮೈಸೂರು ಚಲೋ’ ಶುರುವಾಯಿತು. ಜೈಲುಗಳು ತುಂಬಿದವು, ವಿದ್ಯಾರ್ಥಿಗಳು ಶಾಲೆ ಕಾಲೇಜು ಬಿಟ್ಟು ಹೊರಬಂದರು. ಮೈಸೂರು ಪೊಲೀಸರು ಗಡಿ ದಾಟಿ ಹಿಡಿಯುವಂತಿರಲಿಲ್ಲವಾದ್ದರಿಂದ ಚಳವಳಿಗಾರರು ಮದ್ರಾಸ್, ಮುಂಬಯಿ ಪ್ರಾಂತಗಳ ಗಡಿಯೂರುಗಳಲ್ಲಿ ಶಿಬಿರ ಹಾಕಿಕೊಂಡು ಒಳಬರುತ್ತಿದ್ದರು. ಅಕ್ಟೋಬರಿನಲ್ಲಿ ಮಹಾರಾಜರು ಒಪ್ಪಿದರು. ಆ ತಿಂಗಳ ಕೊನೆಯ ವಾರ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತು. ಶಿರಾದವರಿಗೆ ತಮ್ಮ ಪ್ರತಿನಿಧಿಗಳಿಗೆ ಉತ್ತರ ಕೊಡಬೇಕಾದ ಸರ್ಕಾರ ಮೊದಲ ಸಲ ಸಿಕ್ಕಿದ್ದು ಆಗ.

ಮಗಳನ್ನು ಒಮ್ಮೆ ವಿದುರಾಶ್ವತ್ಥಕ್ಕೆ ಕರೆದುಕೊಂಡು ಹೋಗಿ. ಮಧುಗಿರಿ ದಾಟಿ ಗೌರಿಬಿದನೂರಿಗೆ ಹೋದರೆ ಅಲ್ಲಿಂದ ಹತ್ತಿರವೇ. ಅಲ್ಲಿ ಹುತಾತ್ಮರ ಸ್ಮಾರಕವಿದೆ.