ನಿರ್ಲಕ್ಷ್ಯದ ಚಾಲನೆಯೂ ಕಾರಿನ ವಿಮಾಕಂತೂ

ಮೋಟಾರು ವಾಹನ ಕಾಯಿದೆಯ 184ನೆಯ ಕಲಮಿನಂತೆ ಅಪಾಯಕರವಾಗಿ ಗಾಡಿ ನಡೆಸಿದವನಿಗೆ ಮೊದಲ ಸಲಕ್ಕೆ 1,000ದಿಂದ 5,000 ರೂಪಾಯಿಗಳವರೆಗೆ ದಂಡವೋ ಆರು ತಿಂಗಳಿಂದ ಒಂದು ವರ್ಷದವರೆಗಿನ ಕಾರಾಗೃಹವಾಸವೋ ಅಥವಾ ಎರಡೂ ಪ್ರಾಪ್ತವಾಗಬಹುದು. ಇಂಥ ದಂಡ ತೆತ್ತವನ ವಿಮಾಕಂತು ಮರುವರ್ಷವೇ ಏರುವುದೆಂದು ಹಲವರು ನಂಬಿರುವರಾದರೂ, ನಮ್ಮ ದೇಶದಲ್ಲಿ ಪೊಲೀಸರ ಚಲನ್ ತಾನಾಗಿ ಕಂತನ್ನು ಹೆಚ್ಚಿಸುವುದಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರದ ಕಾರ್ಯತಂಡವೊಂದು 2021ರಲ್ಲಿ, ಕುಡಿದು ನಡೆಸಿದರೆ 100 ಅಂಕ, ನಿಲ್ಲಿಸಬಾರದ ಕಡೆ ನಿಲ್ಲಿಸಿದರೆ 10 ಅಂಕ ಎಂದು ಎಣಿಸಿ ಪ್ರತ್ಯೇಕ ಕಂತು ವಿಧಿಸುವ ಸಲಹೆಯನ್ನೇನೋ ಮುಂದಿಟ್ಟಿತ್ತು. ಸದ್ಯಕ್ಕೆ ನಿರ್ಲಕ್ಷ್ಯದ ಬೆಲೆಯನ್ನು ನಾವು ತೆರುವುದು ಬೇರೊಂದು ಬಾಗಿಲಿನಲ್ಲಿ. ಆ ಬಾಗಿಲಿನ ಹೆಸರು ಕ್ಲೇಮು.

ಮೊದಲು ಪಾಲಿಸಿಯ ಹಾಳೆಯನ್ನು ತೆರೆದು ಕಂತಿನ ಎರಡು ಭಾಗಗಳನ್ನು ಬೇರ್ಪಡಿಸಿಕೊಳ್ಳಿ. ಇತರರಿಗಾಗುವ ಹಾನಿಗೆ ಸಂಬಂಧಿಸಿದ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾದುದು. ಅದರ ದರವನ್ನು ಎಂಜಿನ್ನಿನ ಗಾತ್ರವನ್ನು ನೋಡಿ ಸರಕಾರವೇ ಗೊತ್ತುಮಾಡುವುದರಿಂದ (2022ರ ಜೂನ್ ತಿಂಗಳ ಆದೇಶದಂತೆ 1000 ಸಿಸಿ ಮೀರದ ಖಾಸಗಿ ಕಾರಿಗೆ 2,094 ರೂಪಾಯಿ) ಸಾಧುವಿಗೂ ಉಡಾಳನಿಗೂ ಅಲ್ಲಿ ಭೇದವಿಲ್ಲ. ನನಗಿದು ನ್ಯಾಯವೆಂದು ತೋರುವುದಿಲ್ಲ, ಆ ಮಾತು ಹಾಗಿರಲಿ. ಚಾಲಕನ ನಡತೆ ಪ್ರತಿಫಲಿಸುವುದು ಸ್ವಂತ ವಾಹನದ ಹಾನಿಯನ್ನು ತುಂಬಿಕೊಡುವ ಓನ್ ಡ್ಯಾಮೇಜ್ ಭಾಗದಲ್ಲಿ.

ಆ ಭಾಗದಲ್ಲಿ ನೋ ಕ್ಲೇಮ್ ಬೋನಸ್ ಎಷ್ಟೆಂದು ಬಳಿಕ ನೋಡಿಕೊಳ್ಳಿ. ಒಂದು ವರ್ಷ ಕ್ಲೇಮಿಲ್ಲದೆ ಕಳೆದರೆ ಶೇಕಡ 20, ಅನಂತರ ಕ್ರಮವಾಗಿ 25, 35, 45, ಐದನೆಯ ವರ್ಷದ ಕೊನೆಗೆ 50ರಷ್ಟು ರಿಯಾಯಿತಿ ದೊರೆಯುವುದು. ಒಂದೇ ಒಂದು ಕ್ಲೇಮು ಮಾಡಿದರೂ ಅದು ಸಾಮಾನ್ಯವಾಗಿ ಸೊನ್ನೆಗಿಳಿಯುವುದು.

ಆದುದರಿಂದ ಗೇಟಿಗೋ ಕಂಬಕ್ಕೋ ತಾಗಿ ಬಂಪರು ಒಡೆದಾಗ, ಗ್ಯಾರೇಜಿನವರು ಅರ್ಜಿಯನ್ನು ಮುಂದೆ ಹಿಡಿದೊಡನೆ ಸಹಿಮಾಡದೆ ಲೆಕ್ಕ ಹಾಕತಕ್ಕದ್ದು. ರಿಯಾಯಿತಿ ಕಳೆಯುವ ಮೊದಲು ಓನ್ ಡ್ಯಾಮೇಜ್ ಕಂತು 12,000 ರೂಪಾಯಿ ಎಂದೂ, ಅರ್ಧ ರಿಯಾಯಿತಿಯಿಂದಾಗಿ ನೀವು ಕಟ್ಟುತ್ತಿರುವುದು 6,000 ಎಂದೂ ಇಟ್ಟುಕೊಳ್ಳೋಣ. ಕ್ಲೇಮು ಮಾಡಿದರೆ ಬರುವ ವರ್ಷ 12,000, ತರುವಾಯ 9,600, 9,000, 7,800, 6,600 ಹೀಗೆ ಇಳಿಯುತ್ತ ಮೊದಲಿನ 6,000ಕ್ಕೆ ಮರಳುವಷ್ಟರಲ್ಲಿ ನೀವು ಹೆಚ್ಚಾಗಿ ತೆತ್ತದ್ದು 15,000 ರೂಪಾಯಿ. ಕಾರು ಹಳತಾದಂತೆ ಮೂಲಕಂತೂ ತಗ್ಗುವುದರಿಂದ ವಾಸ್ತವದ ಮೊತ್ತ ಕೊಂಚ ಕಡಮೆಯಾದೀತು. ಇನ್ನು ಕೈಗೆ ಬರುವುದೆಷ್ಟು? ಸವಕಳಿ ರಕ್ಷಣೆಯಿಲ್ಲದ ಸಾಧಾರಣ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಭಾಗಗಳ ಬೆಲೆಯಲ್ಲಿ ಅರ್ಧವನ್ನು ಸವಕಳಿಯೆಂದು ಕಳೆದು, 1500 ಸಿಸಿವರೆಗಿನ ಕಾರಾದರೆ ಮತ್ತೆ 1,000 ರೂಪಾಯಿಯನ್ನು ಕಡ್ಡಾಯವಾಗಿ ಹಿಡಿಯುವರಾದಕಾರಣ, 8,000 ರೂಪಾಯಿಯ ಬಂಪರಿಗೆ ಸಿಕ್ಕುವುದು 3,000, ಮೇಲೆ ಕೂಲಿಯ ಬಾಬು. ಇಂಥಲ್ಲಿ ಕೈಯಿಂದಲೇ ಕೊಟ್ಟುಬಿಡುವುದು ಲೇಸು. ಇತರರಿಗೆ ಗಾಯವಾದಲ್ಲಿ ಮಾತ್ರ ಈ ಲೆಕ್ಕಾಚಾರ ಸಲ್ಲದು; ಪೊಲೀಸರಿಗೂ ಕಂಪೆನಿಗೂ ತಡಮಾಡದೆ ತಿಳಿಸಬೇಕು.

ಮದ್ಯದ ಅಮಲಿನಲ್ಲಿಯೋ ಲೈಸೆನ್ಸಿಲ್ಲದೆಯೋ ಕಾರು ನಡೆಸಿ ಕೆಡಿಸಿಕೊಂಡವರಿಗೆ ಬೋನಸ್ಸಿನ ಚಿಂತೆಯೇ ಬೇಡ. ಅವರ ಸ್ವಂತ ಹಾನಿಯ ಕ್ಲೇಮನ್ನು ಕಂಪೆನಿಯು ತಿರಸ್ಕರಿಸುವುದು.

ನಿಧಾನವಾಗಿ ನಡೆಸುವವರು ನವೀಕರಣದ ಹೊತ್ತಿಗೆ ಇನ್ನೊಂದನ್ನು ವಿಚಾರಿಸಬಹುದು. ಚಾಲನೆಯ ರೀತಿಯನ್ನು ಉಪಕರಣದಿಂದ ಅಳೆದು ಕಂತು ನಿರ್ಧರಿಸುವ ಪಾಲಿಸಿಗಳಿಗೆ 2022ರ ಜುಲೈಯಲ್ಲಿ ಪ್ರಾಧಿಕಾರವು ಅನುಮತಿಯಿತ್ತಿದೆ. ಬೇರೆ ಕಂಪೆನಿಗೆ ಹೋಗುವಾಗ ಹಳೆಯ ಕ್ಲೇಮನ್ನು ಮರೆಮಾಚಬೇಡಿ. ಹಿಂದಿನ ಕಂಪೆನಿಯಿಂದ ನಿಜ ಹೊರಬಿದ್ದೊಡನೆ ಪರಿಹಾರಕ್ಕೆ ಕುತ್ತು ಬರುವುದು. ಪಾಲಿಸಿಯ ಅವಧಿ ಮುಗಿದು 90 ದಿನ ಮೀರಿದರೆ ಕೂಡಿಟ್ಟ ಬೋನಸ್ಸೂ ಹೋಗುವುದು. ಕಾರನ್ನು ಮಾರುವವರು ಕೊಂಡವನಿಗೆ ಈ ಬೋನಸ್ಸನ್ನು ಬಿಟ್ಟುಕೊಡಬೇಕಾಗಿಲ್ಲ. ಬೋನಸ್ಸು ಮಾಲೀಕನದು, ವಾಹನದ್ದಲ್ಲ. ಕಂಪೆನಿಯಿಂದ ಪ್ರಮಾಣಪತ್ರ ಪಡೆದಿಟ್ಟುಕೊಂಡರೆ ಮೂರು ವರ್ಷಗಳೊಳಗೆ ಕೊಳ್ಳುವ ಮುಂದಿನ ಕಾರಿಗೆ ಅದು ಸಲ್ಲುವುದು.