ಮಧುಮೇಹಿಗಳ ರಾತ್ರಿಯ ಸಿಹಿ: ಆಯ್ಕೆ ಮತ್ತು ಲೆಕ್ಕ

ವರ್ತಕ ವೃತ್ತಿಯಲ್ಲಿರುವವರ ರಾತ್ರಿಯ ಊಟಕ್ಕೆ ನಿಶ್ಚಿತ ವೇಳೆಯೆಂಬುದಿಲ್ಲ. ಅಂಗಡಿಯ ಬಾಗಿಲು ಹಾಕಿ, ಗಲ್ಲಾದ ಲೆಕ್ಕ ಮುಗಿಸಿ ಮನೆ ಸೇರುವಾಗ ಹತ್ತು ಗಂಟೆಯಾಗುವುದು ಸಾಮಾನ್ಯ. ಮಲಗುವ ಮುನ್ನ ಒಂದು ತುಂಡು ಸಿಹಿ ತಿನ್ನುವ ರೂಢಿ ಅನೇಕರಲ್ಲಿದೆ. ಆಯುಧಪೂಜೆ, ದೀಪಾವಳಿಗಳ ದಿನಗಳಲ್ಲಂತೂ ವ್ಯಾಪಾರದ ನಂಟಿನಿಂದ ಬಂದ ಮಿಠಾಯಿ ಡಬ್ಬಿಗಳು ಮನೆ ತುಂಬಿರುತ್ತವೆ. ಮಧುಮೇಹವಿದೆಯೆಂದು ತಿಳಿದ ಮೇಲೂ ಈ ರೂಢಿಯನ್ನು ಬಿಡಲಾರದವರು ‘ಶುಗರ್ ಫ್ರೀ’ ಎಂಬ ಮಾತಿನ ಆಶ್ರಯ ಪಡೆಯುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ದೇಶದ ಮಧುಮೇಹಿಗಳ ಸಂಖ್ಯೆಯನ್ನು ಸುಮಾರು 10.1 ಕೋಟಿ ಎಂದು ಅಂದಾಜಿಸಿದೆ. ಆದ್ದರಿಂದ ಈ ವಿಷಯವು ಸಿಹಿ ತಿನ್ನುವ ಸದಸ್ಯರಿಗೂ ಸಿಹಿ ತಯಾರಿಸುವ ಸದಸ್ಯರಿಗೂ ಸಂಬಂಧಿಸಿದ್ದಾಗಿದೆ.

ಮೊದಲು ಅರಿಯಬೇಕಾದುದು, ರಕ್ತದಲ್ಲಿ ಗ್ಲೂಕೋಸನ್ನು ಏರಿಸುವುದು ಸಕ್ಕರೆಯೊಂದೇ ಅಲ್ಲ, ಒಟ್ಟು ಶರ್ಕರಪಿಷ್ಟ ಎಂಬುದನ್ನು. ಪೊಟ್ಟಣದ ಮೇಲೆ ಇದು ‘ಕಾರ್ಬೋಹೈಡ್ರೇಟ್’ ಎಂದು ಮುದ್ರಿತವಾಗಿರುತ್ತದೆ. ಉದಾಹರಣೆಗೆ, 100 ಗ್ರಾಂ ಸಿಹಿಯಲ್ಲಿ 55 ಗ್ರಾಂ ಕಾರ್ಬೋಹೈಡ್ರೇಟ್ ಇದೆಯೆಂದು ನಮೂದಾಗಿದ್ದು, ಒಂದು ತುಂಡಿನ ತೂಕ 20 ಗ್ರಾಂ ಇದ್ದರೆ, ಆ ತುಂಡಿನಿಂದ ದೇಹಕ್ಕೆ ಸೇರುವುದು 11 ಗ್ರಾಂ. ಎರಡು ತುಂಡು ತಿಂದರೆ 22 ಗ್ರಾಂ. ಮಧ್ಯಮ ಗಾತ್ರದ ಒಂದು ಚಪಾತಿಯಲ್ಲಿರುವ ಸುಮಾರು 15 ಗ್ರಾಂಗಿಂತಲೂ ಹೆಚ್ಚು. ತೂಕದ ವ್ಯವಹಾರ ಬಲ್ಲ ನಮ್ಮ ಸದಸ್ಯರಿಗೆ ಈ ಲೆಕ್ಕ ಕಷ್ಟವಾಗಲಾರದು. ಮನೆಯ ತಕ್ಕಡಿಯಲ್ಲಿ ಒಮ್ಮೆ ತೂಗಿ ನೋಡಿದರೆ, ತಾವು ‘ಚೂರು’ ಎಂದು ತಿಳಿದುದು ಎಷ್ಟು ಗ್ರಾಂ ಎಂಬುದು ಗೊತ್ತಾಗುತ್ತದೆ.

ಖೋವಾ ಆಧಾರಿತ ಸಿಹಿಗಳ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಹಾಲಿನಲ್ಲಿ ಸ್ವಾಭಾವಿಕವಾಗಿಯೇ ಲ್ಯಾಕ್ಟೋಸ್ ಎಂಬ ಸಕ್ಕರೆಯಿದೆ. ಹಾಲನ್ನು ಬತ್ತಿಸಿದಂತೆಲ್ಲ ಅದು ಸಾಂದ್ರವಾಗುತ್ತದೆ. ಒಂದು ಚಮಚ ಸಕ್ಕರೆಯನ್ನೂ ಹಾಕದೆ ಮಾಡಿದ ಪೇಡೆಯಲ್ಲಿಯೂ ಸಕ್ಕರೆ ಇದ್ದೇ ಇರುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಜಾಹೀರಾತು ಮತ್ತು ಹಕ್ಕುಸಾಧನೆ ನಿಯಮಾವಳಿಯ ಪ್ರಕಾರ ‘ಶುಗರ್ ಫ್ರೀ’ ಎಂದು ಮುದ್ರಿಸಲು 100 ಗ್ರಾಂ ಘನ ಪದಾರ್ಥದಲ್ಲಿ ಸಕ್ಕರೆಗಳ ಪ್ರಮಾಣ 0.5 ಗ್ರಾಂ ಮೀರಕೂಡದು. ಖೋವಾ ಸಿಹಿಯು ಈ ಮಿತಿಯೊಳಗೆ ಬರುವುದು ಅಸಾಧ್ಯವೆಂದೇ ಹೇಳಬೇಕು. ‘ಸಕ್ಕರೆ ಸೇರಿಸಿಲ್ಲ’ ಎಂಬುದು ಬೇರೆಯೇ ಹೇಳಿಕೆ, ಅದಕ್ಕೂ ಷರತ್ತುಗಳಿವೆ. ಜೇನನ್ನಾಗಲಿ, ಸಕ್ಕರೆಯ ಬದಲಿಗೆ ಒಣಹಣ್ಣಿನ ಪೇಸ್ಟನ್ನಾಗಲಿ ಬಳಸಿದರೆ ಆ ಮಾತನ್ನೂ ಹಾಕುವಂತಿಲ್ಲ. ಖರ್ಜೂರ ಅರೆದು ಉಂಡೆ ಕಟ್ಟಿ ‘ಸಕ್ಕರೆ ಸೇರಿಸಿಲ್ಲ’ ಎಂದು ಚೀಟಿ ಅಂಟಿಸುವ ತಯಾರಕರು ಇದನ್ನು ಗಮನಿಸಬೇಕು. ಆ ಚೀಟಿಯನ್ನು ನಂಬಿ ನಾಲ್ಕು ಉಂಡೆ ತಿನ್ನುವವರು ಕಾಯಿಲೆಯವರು.

ಮಾಲ್ಟಿಟಾಲ್, ಸಾರ್ಬಿಟಾಲ್ ಮೊದಲಾದ ಪಾಲಿಯಾಲ್‌ಗಳು ಸಕ್ಕರೆಗಿಂತ ಕಡಿಮೆ ಗ್ಲೂಕೋಸ್ ಏರಿಸುತ್ತವೆಯಾದರೂ ಮಾಲ್ಟಿಟಾಲ್‌ನ ಪರಿಣಾಮ ಶೂನ್ಯವಲ್ಲ. ಹೆಚ್ಚು ತಿಂದರೆ ಹೊಟ್ಟೆಯುಬ್ಬರ, ಭೇದಿ ಉಂಟಾಗುತ್ತವೆ. ರಾತ್ರಿಯ ನಿದ್ರೆಗೆ ಇದೂ ಒಂದು ತೊಂದರೆಯೇ.

ಬೆಲ್ಲದ ಬಗ್ಗೆ ನಮ್ಮಲ್ಲಿ ಅಪಾರ ವಿಶ್ವಾಸವಿದೆ. ಆದರೆ 10 ಗ್ರಾಂ ಬೆಲ್ಲದಲ್ಲಿ ಸುಮಾರು 9 ಗ್ರಾಂನಷ್ಟು ಶರ್ಕರಪಿಷ್ಟವೇ ಇರುವುದರಿಂದ, ಗ್ಲೂಕೋಸಿನ ದೃಷ್ಟಿಯಲ್ಲಿ ಅದು ಸಕ್ಕರೆಯ ತಮ್ಮನೇ ಸರಿ. ಗೋಕಾಕದ ಕರದಂಟಿನಲ್ಲಿ ಗೋಡಂಬಿ, ಅಂಟು ಎಷ್ಟೇ ಇದ್ದರೂ ಅದನ್ನು ಕೂಡಿಸಿರುವುದು ಬೆಲ್ಲ ಎಂಬುದನ್ನು ಮರೆಯಲಾಗದು.

ಹಾಗಾದರೆ ಆರಿಸಿಕೊಳ್ಳುವುದೇನನ್ನು? ಹಸಿವಿಲ್ಲದಿದ್ದರೆ ಮಲಗುವಾಗ ಏನೂ ಬೇಡ. ಸಿಹಿ ಬೇಕೇ ಬೇಕೆನಿಸಿದರೆ ಅದನ್ನು ಊಟದ ಜೊತೆಗೇ ಸೇವಿಸಿ, ಅಷ್ಟರಮಟ್ಟಿಗೆ ಅನ್ನವನ್ನೋ ಚಪಾತಿಯನ್ನೋ ಕಡಿಮೆ ಮಾಡಿ, ಬಳಿಕ ಹತ್ತು ಹದಿನೈದು ನಿಮಿಷ ನಡೆದಾಡುವುದು ಮೇಲು. ತಿಂದು ಕೂಡಲೇ ಮಲಗಿದರೆ ಏರಿಕೆಯು ನಿದ್ರೆಯಲ್ಲಿಯೇ ನಡೆದುಹೋಗುತ್ತದೆ. ಗ್ಲೂಕೋಮೀಟರ್ ಮನೆಯಲ್ಲಿದ್ದರೂ ಆ ಹೊತ್ತಿನಲ್ಲಿ ಅಳೆದು ನೋಡುವವರಿಲ್ಲ. ಸಕ್ಕರೆ ಹಾಕದೆ ಏಲಕ್ಕಿ ಬೆರೆಸಿದ ಅರ್ಧ ಲೋಟ ಹಾಲು (100 ಮಿ.ಲೀ.ನಲ್ಲಿ ಸುಮಾರು 5 ಗ್ರಾಂ ಶರ್ಕರಪಿಷ್ಟ), ಜೊತೆಗೆ ಐದಾರು ಬಾದಾಮಿ, ಅಥವಾ ಕೆಲವು ಹೋಳು ಸೀಬೆಹಣ್ಣು ಸಾಕಾಗುತ್ತದೆ. ಶೇಕಡ 70ಕ್ಕಿಂತ ಹೆಚ್ಚು ಕೋಕೋ ಇರುವ ಚಾಕೊಲೇಟಿನ 10 ಗ್ರಾಂ ಚೂರೂ ಸುಮಾರು ಇಷ್ಟೇ ಲೆಕ್ಕಕ್ಕೆ ಬರುತ್ತದೆ. ಮೂತ್ರಪಿಂಡದ ತೊಂದರೆಯಿರುವವರು ಹಾಲು, ಬಾದಾಮಿಗಳಿಗೂ ವೈದ್ಯರ ಅನುಮತಿ ಪಡೆಯಬೇಕು.

ಇಲ್ಲಿಯವರೆಗೆ ಹೇಳಿದ್ದು ಗ್ಲೂಕೋಸ್ ಏರುವ ಮಾತು. ಇದಕ್ಕೆ ತದ್ವಿರುದ್ಧವಾದ ಸಂದರ್ಭವೊಂದಿದೆ. ವರ್ತಕರಿಗೆ ಅದೇ ಹೆಚ್ಚು ಅಪಾಯಕಾರಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂತಹ ಮಾತ್ರೆಗಳನ್ನು ತೆಗೆದುಕೊಂಡು, ಗಿರಾಕಿಗಳ ನೂಕುನುಗ್ಗಲಿನಲ್ಲಿ ಊಟ ತಪ್ಪಿಸಿದರೆ ಅಥವಾ ತಡಮಾಡಿದರೆ ಗ್ಲೂಕೋಸ್ ಕುಸಿಯಬಹುದು. ಮೆಟ್‌ಫಾರ್ಮಿನ್ ಒಂದನ್ನೇ ಸೇವಿಸುವವರಲ್ಲಿ ಇದು ವಿರಳ. ಮಧ್ಯರಾತ್ರಿ ಬೆವರು, ನಡುಕ, ಎದೆಬಡಿತ, ಕೆಟ್ಟ ಕನಸು, ಮಾತು ತಡವರಿಸುವುದು ಇದರ ಲಕ್ಷಣಗಳು. ಅಳತೆ 70 ಮಿ.ಗ್ರಾಂಗಿಂತ ಕೆಳಗಿದ್ದರೆ ಆಗ ಸಿಹಿಯೇ ಔಷಧ. ಮೂರು ಚಹಾಚಮಚ, ಅಂದರೆ ಸುಮಾರು 15 ಗ್ರಾಂ, ಸಕ್ಕರೆಯನ್ನೋ ಗ್ಲೂಕೋಸ್ ಪುಡಿಯನ್ನೋ ನೀರಿನಲ್ಲಿ ಕದಡಿ ಕುಡಿದು 15 ನಿಮಿಷದ ನಂತರ ಮತ್ತೆ ಅಳೆಯಬೇಕು. ಏರದಿದ್ದರೆ ಮತ್ತೊಮ್ಮೆ ಅಷ್ಟೇ ಕುಡಿಯಬೇಕು. ಆ ಹೊತ್ತಿನಲ್ಲಿ ಮೈಸೂರು ಪಾಕ್, ಚಾಕೊಲೇಟುಗಳು ತಕ್ಷಣಕ್ಕೆ ಒದಗುವುದಿಲ್ಲ. ಅವುಗಳಲ್ಲಿನ ಜಿಡ್ಡು ಜೀರ್ಣವನ್ನು ನಿಧಾನಗೊಳಿಸುತ್ತದೆ. ಶುಗರ್ ಫ್ರೀ ಪೊಟ್ಟಣವಂತೂ ನಿರುಪಯೋಗಿ.

ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಸೇವಿಸುವವರಿಗೆ ಸಾಮಾನ್ಯ ಸಕ್ಕರೆಯೂ ಬೇಗ ಕೆಲಸ ಮಾಡದು, ಏಕೆಂದರೆ ಆ ಮಾತ್ರೆಗಳು ಸಕ್ಕರೆ ಒಡೆಯುವುದನ್ನೇ ತಡೆಯುತ್ತವೆ. ಅಂಥವರು ಗ್ಲೂಕೋಸ್ ಪುಡಿಯನ್ನೇ ಬಳಸಬೇಕು. ಪೊಟ್ಟಣವೊಂದನ್ನು ಗಲ್ಲಾಪೆಟ್ಟಿಗೆಯಲ್ಲಿಯೂ ಇನ್ನೊಂದನ್ನು ಹಾಸಿಗೆಯ ಪಕ್ಕದಲ್ಲಿಯೂ ಇರಿಸಿ, ಅದರ ಜಾಗವನ್ನು ಮನೆಯವರಿಗೆ ತಿಳಿಸಿರಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಇಂತಹ ರಾತ್ರಿ ಮರುಕಳಿಸಿದರೆ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸದೆ, ಊಟದ ವೇಳೆ ಮತ್ತು ಅಳತೆಗಳನ್ನು ಒಂದು ವಾರ ಬರೆದಿಟ್ಟುಕೊಂಡು ವೈದ್ಯರಿಗೆ ತೋರಿಸಬೇಕು. ಅಂಗಡಿ ಮುಚ್ಚುವ ವೇಳೆಗೆ ಹೊಂದುವಂತೆ ಮಾತ್ರೆಯ ಪ್ರಮಾಣವನ್ನೋ ಹೊತ್ತನ್ನೋ ಅವರು ಬದಲಿಸಬಲ್ಲರು.