ಕೆಂಪು ದರೆಯ ಮುಂದೆ ಒಂಬತ್ತು ನಿಮಿಷ

ಡಬ್ಲಿನ್‌ನಲ್ಲಿ ನಾಲ್ಕು ವರ್ಷದಿಂದ ಕೆಲಸದಲ್ಲಿರುವ ಮಗಳು ಆಂಟ್ರಿಮ್ ಕರಾವಳಿಗೆ ಹೋಗುವಂತಿರಲಿಲ್ಲ. ಮೂರು ವಾರದ ಮಟ್ಟಿಗೆ ಅವಳ ಮನೆಗೆ ಬಂದಿದ್ದ ನಾನು ಹೋಗಬಹುದಿತ್ತು. ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಒಂದು ಇಡೀ ಸಂಜೆ ಬೇಕಾಯಿತು.

ಐರ್ಲೆಂಡ್ ದ್ವೀಪ ಒಂದೇ, ಆಡಳಿತ ಎರಡು. ಆಂಟ್ರಿಮ್ ಒಳಗೊಂಡ ಈಶಾನ್ಯದ ಆರು ಕೌಂಟಿಗಳು ಬ್ರಿಟನ್ನಿಗೆ ಸೇರಿವೆ. ನಮ್ಮ ಪಾಸ್‌ಪೋರ್ಟಿನವರು ಅಲ್ಲಿ ಕಾಲಿಡಬೇಕಾದರೆ ಬ್ರಿಟನ್ನಿನ ವೀಸಾ ಬೇಕು. ಐರ್ಲೆಂಡಿನಲ್ಲಿ ಉದ್ಯೋಗದ ಪರವಾನಗಿ ಪಡೆದು ನೆಲೆಸಿದವರಿಗೂ ಈ ನಿಯಮದಿಂದ ವಿನಾಯಿತಿಯಿಲ್ಲ. ಆದರೆ ಭಾರತದಿಂದ ಅರ್ಜಿ ಹಾಕಿ ಪಡೆದ ಅಲ್ಪಾವಧಿಯ ಐರಿಶ್ ವೀಸಾದ ಮೇಲೆ ‘ಬಿಐವಿಎಸ್’ ಎಂಬ ನಾಲ್ಕು ಅಕ್ಷರ ಇದ್ದರೆ ಮೊದಲು ಐರ್ಲೆಂಡಿನಲ್ಲಿ ಇಳಿದು, ಆಮೇಲೆ ಅದೇ ವೀಸಾದಲ್ಲಿ ಬ್ರಿಟನ್ನಿಗೂ ಹೋಗಿಬರಬಹುದು. ನನ್ನ ವೀಸಾದಲ್ಲಿ ಆ ಅಕ್ಷರಗಳಿದ್ದವು. ಹೆಚ್ಚಿನ ದಿನಗಳಲ್ಲಿ ಗಡಿಯಲ್ಲಿ ಯಾರೂ ಕೇಳುವುದಿಲ್ಲ, ಬಸ್ಸಿನವರೂ ನೋಡುವುದಿಲ್ಲ. ಹಾಗೆಂದು ಸುಮ್ಮನೆ ಹತ್ತಿ ಹೋಗುವವರಿದ್ದಾರೆ. ಮರಳಿ ಬರುವಾಗ ಐರಿಶ್ ಪೊಲೀಸರು ಬಸ್ಸು ನಿಲ್ಲಿಸಿ ಕಾಗದ ಕೇಳುವುದೂ ಉಂಟು. ಅಲ್ಲೇ ಬದುಕು ಕಟ್ಟಿಕೊಂಡ ಮಗಳು ಆ ಅಪಾಯಕ್ಕೆ ಕೈಹಾಕಲಿಲ್ಲ. ಅದು ಸರಿ ಎಂದೇ ನನಗೂ ಅನಿಸಿತು.

“ನೀನಾದರೂ ಹೋಗಿ ಬಾ ಅಮ್ಮ. ಜಯಂಟ್ಸ್ ಕಾಸ್‌ವೇ ನೋಡದೆ ಊರಿಗೆ ಹೋಗಬೇಡ” ಎಂದಳು. ಹಾಗೆ ಮೇ ತಿಂಗಳ ಒಂದು ಬೆಳಿಗ್ಗೆ 6.50ಕ್ಕೆ, ಚಪಾತಿ ಮತ್ತು ಒಣ ಪಲ್ಯದ ಡಬ್ಬಿ ಹಿಡಿದು, ಅರವತ್ತೆರಡನೆಯ ವಯಸ್ಸಿನಲ್ಲಿ ಮೊದಲ ಸಲ ಒಬ್ಬಳೇ ಪ್ರವಾಸಿ ಬಸ್ಸು ಹತ್ತಿದೆ.

ನಾನು ಉಡುಪಿ ಕಡೆಯ ಪ್ರೌಢಶಾಲೆಗಳಲ್ಲಿ 34 ವರ್ಷ ಸಮಾಜ ವಿಜ್ಞಾನ ಕಲಿಸಿದವಳು. ಮಲ್ಪೆ ಬಂದರಿನಿಂದ ದೋಣಿಯಲ್ಲಿ ಮಕ್ಕಳನ್ನು ಸೇಂಟ್ ಮೇರೀಸ್ ದ್ವೀಪಕ್ಕೆ ಎಷ್ಟು ಸಲ ಕರೆದುಕೊಂಡು ಹೋಗಿದ್ದೇನೋ ಲೆಕ್ಕವಿಲ್ಲ. ಕೊರಳಲ್ಲಿ ಸೀಟಿ, ಕೈಯಲ್ಲಿ ಹೆಸರಿನ ಪಟ್ಟಿ. ಹತ್ತುವಾಗ ಒಮ್ಮೆ ಎಣಿಕೆ, ಇಳಿಯುವಾಗ ಒಮ್ಮೆ ಎಣಿಕೆ. ಡಬ್ಲಿನ್ನಿನ ಬಸ್ಸಿನಲ್ಲಿ ಗೈಡ್ ಮಹಿಳೆ ಸೀಟಿನಿಂದ ಸೀಟಿಗೆ ಬೆರಳು ಮಡಚುತ್ತ ಬಂದು ನನ್ನ ತಲೆಯ ಮೇಲೂ ಒಂದು ಅಂಕೆ ಇಟ್ಟು ಮುಂದೆ ಹೋದರು. ನಲವತ್ತಾರು ಮಂದಿಯಲ್ಲಿ ನಾನು ಹದಿನೇಳನೆಯವಳು. ಎಣಿಸುವ ಜವಾಬ್ದಾರಿ ಬೇರೆಯವರ ಮೇಲಿರುವಾಗ ಮನಸ್ಸು ಎಷ್ಟು ಹಗುರಾಗುತ್ತದೆ ಎಂಬುದು ಆ ಕ್ಷಣ ತಿಳಿಯಿತು. ಒಬ್ಬಳೇ ಹೊರಟ ಭಯ ಅಲ್ಲಿಗೇ ಅರ್ಧ ಇಳಿಯಿತು.

ಟಿಕೆಟ್ ಮಾಡುವಾಗ ನಾನು ನೋಡಿದ್ದು ಜಾಗಗಳ ಪಟ್ಟಿಯನ್ನು ಮಾತ್ರ. ನೋಡಬೇಕಾದದ್ದು ಗಂಟೆಗಳನ್ನು. ಡಬ್ಲಿನ್ನಿನಿಂದ ಕಾಸ್‌ವೇಗೆ ಸುಮಾರು 260 ಕಿ.ಮೀ. ಹೋಗಿ ಬರುವ ಹದಿಮೂರು ಗಂಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಬಸ್ಸಿನೊಳಗೇ ಕಳೆಯುತ್ತದೆ. ಕರಾವಳಿ ಪ್ರವಾಸ ಎಂಬ ಹೆಸರು ಕೇಳಿ, ಮಂಗಳೂರಿನಿಂದ ಕುಂದಾಪುರ ದಾಟಿ ಮರವಂತೆಯತನಕ ಹೋಗುವಾಗ ಆಗಾಗ ಕಡಲು ಇಣುಕುವ ಹಾಗೆ ಇಲ್ಲಿಯೂ ಎಂದುಕೊಂಡಿದ್ದೆ. ಬಸ್ಸು ಸಮಯ ಉಳಿಸಲು ಒಳನಾಡಿನ ಹೆದ್ದಾರಿ ಹಿಡಿಯಿತು. ಹಸುರು ಗುಡ್ಡ, ಕುರಿ, ಮತ್ತೆ ಹಸುರು ಗುಡ್ಡ. ಸಮುದ್ರ ಕಣ್ತುಂಬ ಕಂಡದ್ದು ನಾಲ್ಕು ಗಂಟೆಯ ನಂತರ. ನಿಜವಾದ ಕರಾವಳಿ ರಸ್ತೆ ಇರುವುದು ಲಾರ್ನ್, ಗ್ಲೆನಾರ್ಮ್, ಕುಶೆಂಡಾಲ್ ಊರುಗಳ ಕಡೆಯಿಂದ. 1830ರ ದಶಕದಲ್ಲಿ ವಿಲಿಯಂ ಬಾಲ್ಡ್ ಎಂಬ ಎಂಜಿನಿಯರ್ ಬಂಡೆ ಒಡೆಸಿ ನೀರಿನ ಅಂಚಿಗೇ ಹಾಕಿಸಿದ ದಾರಿ ಅದು. ಆ ದಾರಿಯಲ್ಲಿ ಹೋಗುವ ಆಸೆಯಿದ್ದವರು ಬೆಲ್‌ಫಾಸ್ಟಿನಲ್ಲಿ ಒಂದು ರಾತ್ರಿ ತಂಗಿ ಅಲ್ಲಿಂದ ಹೊರಡುವ ಬಸ್ಸು ಹಿಡಿಯಬೇಕು, ಬಲಬದಿಯ ಕಿಟಕಿ ಕೇಳಿ ಪಡೆಯಬೇಕು. ಉತ್ತರಕ್ಕೆ ಸಾಗುವಾಗ, ಆಮೇಲೆ ಪಶ್ಚಿಮಕ್ಕೆ ತಿರುಗಿದಾಗಲೂ, ಕಡಲು ಬಲಕ್ಕೇ. ನಾನು ಎಡಬದಿಯಲ್ಲಿದ್ದೆ.

ಗಡಿ ಬಂದದ್ದು ಗೊತ್ತೇ ಆಗಲಿಲ್ಲ. ಗೇಟಿಲ್ಲ, ಕಾವಲಿಲ್ಲ. ಗೈಡ್ ಹೇಳಿದ ಮೇಲೆ ನೋಡುತ್ತೇನೆ: ರಸ್ತೆಯಂಚಿನ ಹಳದಿ ಗೆರೆ ಬಿಳಿಯಾಗಿದೆ, ಫಲಕಗಳಲ್ಲಿ ಊರಿನ ಹೆಸರಿನ ಮೇಲಿದ್ದ ಐರಿಶ್ ಭಾಷೆಯ ಸಾಲು ಹೋಗಿದೆ, ಕಿಲೋಮೀಟರು ಮೈಲಿಯಾಗಿದೆ. ಫೋನು ಕಿಣಿಗುಟ್ಟಿ ಬ್ರಿಟನ್ನಿಗೆ ಸ್ವಾಗತ ಹೇಳಿತು. ಪರ್ಸಿನಲ್ಲಿದ್ದ ಯೂರೋ ನೋಟುಗಳ ಬದಲು ಇನ್ನು ಪೌಂಡು. 1998ರ ಶುಭ ಶುಕ್ರವಾರದ ಒಪ್ಪಂದದವರೆಗೆ ಮೂರು ದಶಕ ಈ ನೆಲದಲ್ಲಿ ನಡೆದ ಹಿಂಸೆಯಲ್ಲಿ ಸುಮಾರು 3,500 ಮಂದಿ ಸತ್ತರು. ಆಗ ಇದೇ ದಾರಿಯಲ್ಲಿ ಸೈನಿಕರು ಬಸ್ಸು ನಿಲ್ಲಿಸಿ ತಪಾಸಣೆ ಮಾಡುತ್ತಿದ್ದರಂತೆ. ಗೈಡ್ ಈ ಮಾತು ಹೇಳುವಾಗ ಮೈಕನ್ನು ಬಾಯಿಂದ ಸ್ವಲ್ಪ ದೂರ ಹಿಡಿದಿದ್ದರು. ಬಸ್ಸು ನಿಲ್ಲದೆ ಹೋಗುವುದೇ ಒಂದು ಗಳಿಕೆ ಎಂದು ತಿಳಿದವರ ದನಿ ಅದು.

ಡಾರ್ಕ್ ಹೆಡ್ಜಸ್ ಎಂಬಲ್ಲಿ ಇಪ್ಪತ್ತು ನಿಮಿಷ. ಹದಿನೆಂಟನೆಯ ಶತಮಾನದಲ್ಲಿ ಒಂದು ಜಮೀನ್ದಾರ ಮನೆತನ ನೆಟ್ಟ ಬೀಚ್ ಮರಗಳ ಸಾಲು. ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯಲ್ಲಿ ಕಾಣಿಸಿದ್ದರಿಂದ ಈಗ ಜನಜಾತ್ರೆ. ಮರಗಳಿಗೆ ವಯಸ್ಸಾಗಿದೆ, ಬಿರುಗಾಳಿಗೆ ಬಿದ್ದು ಹೋದದ್ದೂ ಹಲವು. ಈ ನಿಲ್ದಾಣವನ್ನು ಬಿಟ್ಟು ಆ ಹೊತ್ತನ್ನು ಕಡಲಿಗೆ ಕೊಟ್ಟಿದ್ದರೆ ಎಂದು ನನಗೆ ಅನಿಸಿತು.

ಕ್ಯಾರಿಕ್-ಎ-ರೀಡ್‌ನ ಹಗ್ಗದ ಸೇತುವೆ ಅಂದು ಮುಚ್ಚಿತ್ತು. ಗಾಳಿ ಜೋರಿದ್ದರೆ ಬಿಡುವುದಿಲ್ಲ. ಬಸ್ಸಿನಲ್ಲಿ ಕೆಲವರು ಬೇಸರಪಟ್ಟರು. ಟಿಕೆಟಿನಲ್ಲಿ ಬರೆದದ್ದೆಲ್ಲ ಸಿಗಲೇಬೇಕು ಎಂಬ ಎಣಿಕೆ ಅವರದು. ಜೂನ್ ಬಂತೆಂದರೆ ಮಲ್ಪೆಯ ದೋಣಿಗಳು ನಿಂತು ನಾಲ್ಕು ತಿಂಗಳು ದ್ವೀಪಕ್ಕೆ ಯಾರೂ ಹೋಗದಿರುವುದನ್ನು ಕಂಡ ನನಗೆ ಗಾಳಿಯ ಮಾತು ಮೀರಬೇಕೆನಿಸಲಿಲ್ಲ. ದಡದ ಮೇಲೆ ನಿಂತು ನೋಡಿದೆ. ಸುಮಾರು 20 ಮೀಟರ್ ಉದ್ದದ ತೂಗುದಾರಿ, ಕೆಳಗೆ 30 ಮೀಟರ್ ಆಳದಲ್ಲಿ ನೊರೆಯೇಳುವ ನೀರು. ಇದನ್ನು ಮೊದಲು ಕಟ್ಟಿದವರು 1755ರಲ್ಲಿ ಸಾಲ್ಮನ್ ಮೀನುಗಾರರು. ಹೆಸರಿನ ಅರ್ಥವೇ ದಾರಿಯಲ್ಲಿರುವ ಬಂಡೆ. ದಾರಿ ಮನುಷ್ಯರದಲ್ಲ, ಮೀನಿನದು. ಮೊಟ್ಟೆಯಿಡಲು ನದಿಗಳ ಕಡೆ ಹೊರಟ ಸಾಲ್ಮನ್ ಕರಾವಳಿಯ ಅಂಚಿನಲ್ಲೇ ಈಜುತ್ತ ಬಂದು ಈ ಬಂಡೆದ್ವೀಪ ಎದುರಾದಾಗ ಹೊರಬದಿಗೆ ತಿರುಗುತ್ತಿತ್ತು. ಆ ತಿರುವಿನಲ್ಲಿ ಬಲೆ. ನಮ್ಮಲ್ಲಿ ಮೊಗವೀರರು ಕೈರಂಪಣಿ ಬಲೆಯನ್ನು ಸಾಲಾಗಿ ನಿಂತು ದಡಕ್ಕೆ ಎಳೆಯುತ್ತಾರೆ. ಇಲ್ಲಿ ಬಲೆಯನ್ನು ನಿಲ್ಲಿಸಿ ಮೀನಿಗೆ ಕಾಯುತ್ತಿದ್ದರು. ಮೀನು ಕ್ಷೀಣಿಸಿ 2002ರಲ್ಲಿ ಇಲ್ಲಿಯ ಮೀನುಗಾರಿಕೆ ನಿಂತೇಹೋಯಿತು. ಸೇತುವೆ ದಾಟಿದ್ದರೆ ನಾನು ಕಾಲಡಿಯನ್ನು ನೋಡಿಕೊಳ್ಳುವುದರಲ್ಲೇ ಇರುತ್ತಿದ್ದೆ. ದಡದಲ್ಲಿ ನಿಂತದ್ದರಿಂದ ಮೀನಿನ ದಾರಿ ಕಂಡಿತು.

ಕಾಸ್‌ವೇಯಲ್ಲಿ ಇಳಿಸುವಾಗ ಗೈಡ್ “ಹಾಫ್ ಟೂ”ಗೆ ಬಸ್ಸಿನಲ್ಲಿರಬೇಕು ಎಂದರು. ನನ್ನ ಮುಂದಿನ ಸೀಟಿನ ಜರ್ಮನ್ ದಂಪತಿ ಅದನ್ನು ಒಂದೂವರೆ ಎಂದು ತಿಳಿದರು, ಅವರ ಭಾಷೆಯಲ್ಲಿ ಲೆಕ್ಕ ಹಾಗೆ. ನಾನು ಕೇಳಿ ಖಚಿತಪಡಿಸಿಕೊಂಡೆ: ಎರಡೂವರೆ. ಬಸ್ಸು ನಿಂತ ಜಾಗದ ಮತ್ತು ಬಸ್ಸಿನ ನಂಬರಿನ ಫೋಟೊ ತೆಗೆದುಕೊಂಡೆ. ಮಕ್ಕಳಿಗೆ ಹೇಳಿಕೊಡುತ್ತಿದ್ದ ಪಾಠವೇ ಇದು. ಕೈಯಲ್ಲಿ ನೂರು ನಿಮಿಷ. ಸಂದರ್ಶಕರ ಕೇಂದ್ರದಿಂದ ಕಲ್ಲುಗಳ ತನಕ ಸುಮಾರು ಒಂದು ಕಿ.ಮೀ. ಇಳಿಜಾರು. ಸಣ್ಣ ಶುಲ್ಕಕ್ಕೆ ಮಿನಿಬಸ್ಸು ಇದೆ. ಮಂಡಿನೋವಿನವರು ಹೋಗುವಾಗ ನಡೆದು, ಏರು ಹತ್ತುವಾಗ ಅದನ್ನು ಹಿಡಿಯುವುದು ಒಳ್ಳೆಯದು. ಆದರೆ ಮರಳುವ ಹೊತ್ತಿಗೆ ಎಲ್ಲರಿಗೂ ಅದೇ ಬೇಕು. ಸಾಲಿನ ಸಮಯವನ್ನೂ ಲೆಕ್ಕಕ್ಕೆ ಹಿಡಿಯಬೇಕಿತ್ತು, ನಾನು ಹಿಡಿಯಲಿಲ್ಲ.

ಕಪ್ಪು ಕಂಬಗಳು ಒಂದರ ಪಕ್ಕ ಒಂದು, ಒತ್ತೊತ್ತಾಗಿ, ಮೆಟ್ಟಿಲು ಮೆಟ್ಟಿಲಾಗಿ ಅಲೆಯೊಳಗೆ ಇಳಿದು ಹೋಗುತ್ತವೆ. ಸುಮಾರು 40,000 ಕಂಬಗಳು, ಹೆಚ್ಚಿನವು ಆರು ಮುಖದವು. ಫಿನ್ ಮೆಕೂಲ್ ಎಂಬ ದೈತ್ಯ ಸ್ಕಾಟ್ಲೆಂಡಿನ ಎದುರಾಳಿಯ ಮೇಲೆ ಏರಿಹೋಗಲು ಹಾಕಿದ ಹಾದಿ ಎಂದು ಐತಿಹ್ಯ. ಕಡಲಾಚೆ ಸ್ಟಾಫಾ ದ್ವೀಪದಲ್ಲಿ ಇಂಥವೇ ಕಂಬಗಳಿರುವುದು ಆ ಕತೆಗೆ ಆಧಾರವಾಗಿ ನಿಂತಿದೆ. ಸುಮಾರು ಆರು ಕೋಟಿ ವರ್ಷದ ಹಿಂದೆ ಗ್ರೀನ್‌ಲ್ಯಾಂಡೂ ಯುರೋಪೂ ಬೇರ್ಪಡತೊಡಗಿ ಉತ್ತರ ಅಟ್ಲಾಂಟಿಕ್ ತೆರೆದುಕೊಳ್ಳುವಾಗ ಉಕ್ಕಿದ ಲಾವಾ ಇದು. ಕಣಿವೆಯಲ್ಲಿ ಮಡುಗಟ್ಟಿ ನಿಧಾನ ಆರಿತು, ಆರುತ್ತ ಕುಗ್ಗಿತು, ಕೊಯ್ಲು ಮುಗಿದ ಗದ್ದೆಯ ಕೆಸರು ಒಣಗಿ ಬಿರಿಯುವ ಹಾಗೆ ಬಿರಿದು, ಆ ಬಿರುಕು ಆಳಕ್ಕಿಳಿದು ಕಂಬಗಳಾದವು. ಸೇಂಟ್ ಮೇರೀಸ್ ದ್ವೀಪದ ಕಂಬಗಳ ಮೇಲೆ ಮಕ್ಕಳನ್ನು ಕೂರಿಸಿ ನಾನು ಹೇಳುತ್ತಿದ್ದದ್ದೂ ಇಂಥದೇ ಕತೆ. ಅಲ್ಲಿಯದು ಇನ್ನೂ ಹಳೆಯದು, ಮಡಗಾಸ್ಕರ್ ಭಾರತದಿಂದ ಕಳಚಿಕೊಂಡ ಕಾಲದ್ದು, ಎಂಟು ಕೋಟಿ ವರ್ಷಕ್ಕೂ ಹಿಂದಿನದು. ಎರಡೂ ಕಡೆ ಭೂಮಿ ಭೂಮಿಯನ್ನು ಬಿಟ್ಟು ದೂರ ಸರಿದ ಗುರುತು.

ಒಬ್ಬ ಸಿಬ್ಬಂದಿ ಎಲ್ಲರನ್ನೂ ಬೇಡಿಕೊಳ್ಳುತ್ತಿದ್ದರು: ಬಿರುಕಿನಲ್ಲಿ ನಾಣ್ಯ ಸಿಕ್ಕಿಸಬೇಡಿ, ಅದು ತುಕ್ಕು ಹಿಡಿದು ಉಬ್ಬಿ ಕಲ್ಲನ್ನು ಸೀಳುತ್ತದೆ. ಹರಕೆಯ ಹೆಸರಿನಲ್ಲಿ ನಾವೂ ಎಷ್ಟು ಕಡೆ ಹೀಗೆ ಮಾಡುತ್ತೇವೆ ಎಂದು ನೆನೆದು ಮನಸ್ಸು ಚುಚ್ಚಿತು. ಆರು ಕೋಟಿ ವರ್ಷ ಹಳೆಯ, ಅಲೆಗೆ ಮೈಯೊಡ್ಡಿ ನಿಂತ ಕಲ್ಲಿಗೆ ಒಂದು ಪುಡಿಗಾಸು ಮುಳ್ಳಾಗುತ್ತದೆ.

ಹೆಚ್ಚಿನವರು ಅಲ್ಲಿಯೇ ಫೋಟೊ ತೆಗೆಸಿಕೊಂಡು ಮರಳಿದರು. ನಾನು ‘ಆರ್ಗನ್’ ಎಂಬ ಎತ್ತರದ ಕಂಬಗಳನ್ನು ನೋಡೋಣವೆಂದು ದಾರಿ ಮುಂದುವರಿಸಿದೆ. ತಿರುವಿನಲ್ಲಿ ತಲೆಯೆತ್ತಿದರೆ ಕಪ್ಪು ಬಂಡೆಗಳ ಪದರದ ನಡುವೆ ಕೆಂಪು. ಇಟ್ಟಿಗೆ ಕೆಂಪು, ಮಳೆಗೆ ನೆನೆದು ಕಡುವಾದ ಕೆಂಪು. ಕಾಲು ಅಲ್ಲಿಯೇ ನಿಂತಿತು. ಅದು ನಮ್ಮ ಮುರಕಲ್ಲು. ಅಪ್ಪ ಮನೆ ಕಟ್ಟಿಸುವಾಗ ಕೋರೆಯಿಂದ ಗಾಡಿಯಲ್ಲಿ ಬಂದಿಳಿದ ಕಲ್ಲಿನ ಬಣ್ಣ. ಮಳೆಗಾಲದಲ್ಲಿ ಸಾರಣೆಯಿಲ್ಲದ ಹಿತ್ತಿಲ ಗೋಡೆಗೆ ಕೈಯಿಟ್ಟರೆ ಅಂಗೈಗೆ ಹತ್ತುತ್ತಿದ್ದ ಕೆಂಪು.

ಹತ್ತಿರವಿದ್ದ ಸಿಬ್ಬಂದಿಯನ್ನು ಕೇಳಿದೆ. “ಲ್ಯಾಟರೈಟ್” ಎಂದರು. ಮೊದಲ ಲಾವಾ ಆರಿದ ಮೇಲೆ ದೀರ್ಘಕಾಲ ಇಲ್ಲಿ ಬೆಂಕಿ ತಣ್ಣಗಿತ್ತು. ಆಗ ಇಲ್ಲಿಯ ಹವೆ ಬೆಚ್ಚಗೆ, ಮಳೆಯೂ ಧಾರಾಳ. ಬಂಡೆಯ ಮೇಲ್ಮೈ ಕೊಳೆತು, ಕಬ್ಬಿಣದ ಅಂಶ ಉಳಿದು ಕೆಂಪಾಯಿತು. ಆಮೇಲೆ ಹೊಸ ಲಾವಾ ಬಂದು ಅದನ್ನು ಮುಚ್ಚಿತು. ಅಂದರೆ ಈ ಚಳಿಯ ದಡಕ್ಕೂ ಒಮ್ಮೆ ನಮ್ಮ ಆಷಾಢದಂಥ ಮಳೆ ಸುರಿದಿತ್ತು. ಲ್ಯಾಟರೈಟ್ ಎಂಬ ಹೆಸರು ಹುಟ್ಟಿದ್ದು ನಮ್ಮ ಪಶ್ಚಿಮ ಕರಾವಳಿಯಲ್ಲೇ. 1800–01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿದ ಫ್ರಾನ್ಸಿಸ್ ಬುಕಾನನ್, ಮಲಬಾರಿನ ಅಂಗಾಡಿಪ್ಪುರದಲ್ಲಿ ಜನ ಈ ಕಲ್ಲನ್ನು ಇಟ್ಟಿಗೆಯಂತೆ ಕಡಿಯುವುದನ್ನು ಕಂಡು, ಇಟ್ಟಿಗೆಗಿರುವ ಲ್ಯಾಟಿನ್ ಪದದಿಂದ ಆ ಹೆಸರಿಟ್ಟ. ನನಗೆ ಗೊತ್ತಿದ್ದ ಇದನ್ನು ಆ ಸಿಬ್ಬಂದಿ ಹುಡುಗನಿಗೆ ಹೇಳಿದೆ. ಅವನು ಟೊಪ್ಪಿ ಕೈಯಲ್ಲಿ ಹಿಡಿದು ಗಾಳಿಯಲ್ಲೇ ನಿಂತು ಕೇಳಿಸಿಕೊಂಡ, ಅಂಗಾಡಿಪ್ಪುರ ಎಂಬುದನ್ನು ಎರಡು ಸಲ ಹೇಳಿಸಿಕೊಂಡ.

ಗಡಿಯಾರ ನೋಡಿದಾಗ ಎದೆ ಧಸಕ್ಕೆಂದಿತು. ಮಿನಿಬಸ್ಸಿಗೆ ಉದ್ದ ಸಾಲು. ಎದುರುಗಾಳಿಯಲ್ಲಿ ಏರು ಹತ್ತಿ ಬಸ್ಸು ಮುಟ್ಟುವಾಗ ಒಂಬತ್ತು ನಿಮಿಷ ತಡ. ಹದಿನೇಳನೆಯ ಸೀಟು ಖಾಲಿಯೆಂದು ಗೈಡ್ ಮೆಟ್ಟಿಲ ಬಳಿ ಕಾಯುತ್ತಿದ್ದರು. ಗದರಿಸಲಿಲ್ಲ, ಮುಖದಲ್ಲಿದ್ದದ್ದು ಸಿಟ್ಟಲ್ಲ, ಕಳವಳ. ಆ ಮುಖ ನನಗೆ ಚೆನ್ನಾಗಿ ಗೊತ್ತು. ದ್ವೀಪದಲ್ಲಿ ಒಮ್ಮೆ ಒಬ್ಬ ಹುಡುಗ ಚಿಪ್ಪು ಹೆಕ್ಕುತ್ತ ಹಿಂದುಳಿದಾಗ ದೋಣಿಯವರು ಕೂಗುತ್ತಿದ್ದರೂ ನಾನು ದಡದಲ್ಲಿ ಹಾಗೇ ನಿಂತಿದ್ದೆ. ಬಂದವನ ಕೆನ್ನೆಗೆ ಹೊಡೆದೂಬಿಟ್ಟಿದ್ದೆ. ಗೈಡಿನ ಕೈ ಹಿಡಿದು ಕ್ಷಮೆ ಕೇಳಿದೆ. ಬಸ್ಸಿನಲ್ಲಿದ್ದವರಿಗೂ ಕೈ ಮುಗಿದೆ. ನನ್ನ ಒಂಬತ್ತು ನಿಮಿಷ ಡನ್‌ಲೂಸ್ ಕೋಟೆಯ ಮುಂದಿನ ನಿಲುಗಡೆಯಿಂದ ಕಳೆದುಹೋಯಿತು. ಅದು ಎಲ್ಲರ ಪಾಲಿನದು. ಅಂದು ನನ್ನಿಂದ ಪೆಟ್ಟು ತಿಂದ ಆ ಹುಡುಗನಿಗೆ ಈಗ ನಲವತ್ತು ದಾಟಿರಬೇಕು. ಅವನನ್ನು ಹುಡುಕಿ ಮಾತಾಡಬೇಕು ಎಂದು ಕಿಟಕಿಗೆ ತಲೆಯೊರಗಿಸಿ ಕೂತಾಗಲೇ ನಿರ್ಧರಿಸಿದೆ.

ಬೆಲ್‌ಫಾಸ್ಟಿನಲ್ಲಿ ಟೈಟಾನಿಕ್ ವಸ್ತುಸಂಗ್ರಹಾಲಯ ಅಥವಾ ಹಿಂಸೆ ನಡೆದ ಕೇರಿಗಳನ್ನು ಸುತ್ತಿ ತೋರಿಸುವ ಕಪ್ಪು ಟ್ಯಾಕ್ಸಿ, ಎರಡರಲ್ಲಿ ಒಂದು. ನಾನು ಟ್ಯಾಕ್ಸಿ ಆರಿಸಿಕೊಂಡಿದ್ದೆ. 1969ರಿಂದ ಎದ್ದ ‘ಶಾಂತಿ ಗೋಡೆ’ಗಳು ಆ ಹಿಂಸೆಯಲ್ಲಿ ಎದುರುಬದುರಾಗಿದ್ದ ಎರಡು ಪಂಗಡಗಳ ಕೇರಿಗಳ ನಡುವೆ ಇವತ್ತಿಗೂ ನಿಂತಿವೆ, ಕೆಲವು ಗೇಟುಗಳನ್ನು ರಾತ್ರಿ ಈಗಲೂ ಮುಚ್ಚುತ್ತಾರೆ. ಚಾಲಕ ಎಲ್ಲರಿಗೂ ಒಂದೊಂದು ಪೆನ್ನು ಕೊಟ್ಟು ಗೋಡೆಯ ಮೇಲೆ ಏನಾದರೂ ಬರೆಯಿರಿ ಎಂದ. ನನಗೆ ಕೈ ಬರಲಿಲ್ಲ. ಗೋಡೆಯ ಈಚೆ ಆಚೆ ಮಕ್ಕಳನ್ನು ಕಳೆದುಕೊಂಡವರು ಬದುಕಿದ್ದಾರೆ. ಅರ್ಧ ಗಂಟೆಗೆ ಬಂದ ನಾನು ಅಲ್ಲಿ ಬರೆಯುವಂಥದ್ದು ಏನೂ ಇರಲಿಲ್ಲ. ಆ ಊರಿಗೆ ಬೇರೆಯೇ ಒಂದು ದಿನ ಕೊಡಬೇಕಿತ್ತು. ಇಡೀ ದಿನ ಕಲ್ಲು ಕಡಲು ನೋಡಿ ತುಂಬಿದ ತಲೆಗೆ ಅಷ್ಟು ದುಃಖವನ್ನು ಹಿಡಿದಿಟ್ಟುಕೊಳ್ಳುವ ತ್ರಾಣ ಉಳಿದಿರಲಿಲ್ಲ.

ಡಬ್ಲಿನ್ ಮುಟ್ಟುವಾಗ ಎಂಟು ಹತ್ತಿರ, ಬಿಸಿಲು ಇನ್ನೂ ಇತ್ತು. ಮಗಳು ನಿಲ್ದಾಣದಲ್ಲಿ ಕಾಯುತ್ತಿದ್ದಳು. ಟ್ರಾಮಿನಲ್ಲಿ ಕೂತೊಡನೆ ನನ್ನ ಫೋನು ಕಸಿದುಕೊಂಡು ಫೋಟೊ ಸರಿಸತೊಡಗಿದಳು. ಕಪ್ಪು ಕಂಬ, ಸೇತುವೆ, ಮರಗಳ ಸಾಲು, ಮತ್ತೆ ಕಪ್ಪು ಕಂಬ. ಒಂದರ ಮುಂದೆ ಬೆರಳು ನಿಂತಿತು. ದೊಡ್ಡದು ಮಾಡಿ ನೋಡಿದಳು.

“ಇದು ಇದರಲ್ಲಿ ಹೇಗೆ ಬಂತಮ್ಮ? ನಮ್ಮ ಬಾವಿಕಟ್ಟೆಯ ಹಿಂದಿನ ದರೆ ಅಲ್ವಾ?”

“ಅಲ್ಲ” ಎಂದೆ. “ಇವತ್ತು ಮಧ್ಯಾಹ್ನದ್ದು.”